ಸಿಪಿಯು ಖಾಲಿ ಇದ್ದರೂ ಉತ್ತರ ತಡ: ಕುಬರ್ನೆಟೀಸ್‌ನಲ್ಲಿ ಹೀಗೆ ಸರಿಮಾಡಿದೆ

ಕನ್ವೇಯರ್ ಬೆಲ್ಟಿನ ಸೆನ್ಸರ್‌ಗಳಿಂದ ಬರುವ ಸಿಗ್ನಲ್‌ಗೆ ಕುಬರ್ನೆಟೀಸ್‌ನಲ್ಲಿ (ಹಲವು ಮಷೀನುಗಳಲ್ಲಿ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಓಡುವ ನಮ್ಮ ಸರ್ವೀಸ್ 50 ಮಿಲಿಸೆಕೆಂಡಿನೊಳಗೆ ಉತ್ತರ ಕೊಡಬೇಕು. ಹೆಚ್ಚಿನ ಸಲ ಕೊಡುತ್ತಿತ್ತು, ಆಗಾಗ 90 ದಾಟುತ್ತಿತ್ತು. ಗ್ರಾಫ್ ನೋಡಿದರೆ ಸಿಪಿಯು ಆರಾಮಾಗಿತ್ತು. ಎಲ್ಲರೂ ನೆಟ್‌ವರ್ಕ್ ಮೇಲೆ ತಪ್ಪು ಹೊರಿಸಿದರು, ಪಾಪ.

ಸುಳಿವು ಸಿಕ್ಕಿದ್ದು ನಮ್ಮ ಸರ್ವೀಸ್ ಪ್ರತ್ಯೇಕವಾಗಿ ಓಡುವ ಆವರಣದ, ಅಂದರೆ ಕಂಟೇನರ್‌ನ, ಸಿಪಿಯು.ಸ್ಟ್ಯಾಟ್ ಫೈಲಿನಲ್ಲಿ. ಅಲ್ಲಿ ಥ್ರಾಟಲ್ ಆದ (ಸಿಪಿಯು ಪಾಲು ಮುಗಿದು ತಡೆಹಿಡಿದ) ಲೆಕ್ಕ ಏರುತ್ತಲೇ ಇತ್ತು. ನಮ್ಮ ಲಿಮಿಟ್ (ಬಳಸಬಹುದಾದ ಗರಿಷ್ಠ ಸಿಪಿಯು) ಅರ್ಧ ಕೋರ್. ಅಂದರೆ ಲಿನಕ್ಸ್ ಪ್ರತಿ 100 ಮಿಲಿಸೆಕೆಂಡಿಗೆ 50 ಮಿಲಿಸೆಕೆಂಡ್ ಸಿಪಿಯು ಸಮಯ ಕೊಡುತ್ತದೆ. ನಾಲ್ಕು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಒಟ್ಟಿಗೆ ಓಡಿದರೆ ಅದು 12.5 ಮಿಲಿಸೆಕೆಂಡಿನಲ್ಲೇ ಖರ್ಚಾಗುತ್ತದೆ. ಉಳಿದ 87.5 ಸುಮ್ನೆ ಕಾಯಬೇಕು, ಪಕ್ಕದ ಕೋರ್ ಖಾಲಿ ಇದ್ದರೂ! ಸರಾಸರಿ ತೋರಿಸುವ ಗ್ರಾಫಿನಲ್ಲಿ ಇದು ಎಲ್ಲಿ ಕಾಣಬೇಕು?

ಲಿಮಿಟ್ ತೆಗೆದು ನೋಡಿದೆ. ಥ್ರಾಟಲ್ ನಿಂತಿತು. ಆದರೆ ಅದೇ ಮಷೀನಿನಲ್ಲಿ ಲಾಗ್ ನೋಡಿಕೊಳ್ಳುವ ಪಾಡ್ (ಒಟ್ಟಿಗೆ ಓಡುವ ಒಂದು ಅಥವಾ ಹೆಚ್ಚು ಕಂಟೇನರ್‌ಗಳ ಘಟಕ) ಜೋರಾಗಿ ಓಡಿದಾಗ ಮತ್ತೆ ತಡ. ಕೊನೆಗೆ ಕ್ಯೂಬ್ಲೆಟ್‌ನ (ಪ್ರತಿ ಮಷೀನಿನಲ್ಲಿ ಪಾಡ್‌ಗಳನ್ನು ನಡೆಸುವ ಕುಬರ್ನೆಟೀಸ್ ಪ್ರೋಗ್ರಾಂ) ಸಿಪಿಯು ಮ್ಯಾನೇಜರ್ ಪಾಲಿಸಿಯನ್ನು ಸ್ಟ್ಯಾಟಿಕ್‌ಗೆ ಬದಲಿಸಿದೆ. ಆಗ ಪಾಡ್‌ಗೆ ಬೇರೆಯವರು ಹಂಚಿಕೊಳ್ಳದ ಸ್ವಂತ ಕೋರ್ ಸಿಗುತ್ತದೆ. ನಮ್ಮ ಪಾಡ್‌ಗೆ ರಿಕ್ವೆಸ್ಟ್ (ಕಾಯ್ದಿರಿಸಲು ಕೇಳುವ ಪಾಲು), ಲಿಮಿಟ್ ಎರಡೂ 2 ಸಿಪಿಯು. ಮೆಮೊರಿಗೂ ಎರಡೂ ಸಮ ಇರಬೇಕು. ಸಿಪಿಯು ಪೂರ್ಣ ಸಂಖ್ಯೆಯಲ್ಲೇ ಕೊಡಿ, 1.5 ಅಂತ ಬರೆದರೆ ಸ್ವಂತ ಕೋರ್ ಸಿಗುವುದಿಲ್ಲ. ಥ್ರೆಡ್‌ಗಳನ್ನೂ ಎರಡಕ್ಕೆ ಇಳಿಸಿದೆ. ಆಮೇಲೆ ಉತ್ತರ 50 ದಾಟಿಲ್ಲ.

ಕಿರಿಕಿರಿ ಜಾಸ್ತಿ ಇರುವುದು ಪಾಲಿಸಿ ಬದಲಿಸುವಾಗ. ಮೊದಲು ಮಷೀನಿನಿಂದ ಪಾಡ್‌ಗಳನ್ನು ಬೇರೆಡೆ ಕಳಿಸಿ, ಕ್ಯೂಬ್ಲೆಟ್ ನಿಲ್ಲಿಸಿ, ಅದರ ಹಳೆಯ ಸಿಪಿಯು ಸ್ಟೇಟ್ ಫೈಲ್ ಅಳಿಸಬೇಕು. ಇಲ್ಲದಿದ್ದರೆ ಕ್ಯೂಬ್ಲೆಟ್ ಮತ್ತೆ ಏಳುವುದೇ ಇಲ್ಲ. ಸಿಸ್ಟಮ್ ಕೆಲಸಗಳಿಗೂ ಒಂದಿಷ್ಟು ಸಿಪಿಯು ಮೀಸಲಿಡಿ. ಅದು ಸೊನ್ನೆ ಇದ್ದರೆ ಸ್ಟ್ಯಾಟಿಕ್ ಪಾಲಿಸಿ ಒಪ್ಪುವುದಿಲ್ಲ.