ಕಾರಿನಲ್ಲಿ ಆಟ: ಘಟ್ಟಕ್ಕೆ ಮುಂಚೆ ಒಂದು, ಘಟ್ಟದಲ್ಲಿ ಇನ್ನೊಂದು

ಬೆಂಗಳೂರಿಂದ ಮಂಗಳೂರಿಗೆ ಹೊರಟರೆ ಸಕಲೇಶಪುರದವರೆಗೆ ನಂಬರ್ ಪ್ಲೇಟ್ ಆಟ ಆಡಿಸಿ. ಕೆಎ 12 ಮಡಿಕೇರಿ, 13 ಹಾಸನ, 19 ಮಂಗಳೂರು, 20 ಉಡುಪಿ. ಊರು ಮೊದಲು ಹೇಳಿದವರಿಗೆ 1 ಅಂಕ, ಹೊರರಾಜ್ಯದ ಗಾಡಿಗೆ 3. ಹಾಸನ ಹತ್ತಿರವಾದಂತೆ 13ಕ್ಕೆ ಅಂಕ ನಿಲ್ಲಿಸಿ, ಬರೀ ಅದೇ ಬರುತ್ತೆ.

ಶಿರಾಡಿ ಘಾಟಿಯಲ್ಲಿ ಕಾಗದ, ಮೊಬೈಲ್ ಎರಡೂ ಒಳಗಿಡಿ. ತಿರುವಿನಲ್ಲಿ ತಲೆ ಬಗ್ಗಿಸಿ ಕೂತರೆ ಮಕ್ಕಳಿಗೆ ಹೊಟ್ಟೆ ತೊಳಸುತ್ತೆ. ಅಲ್ಲಿ ಬಾಯಿಮಾತಿನ ಆಟವೇ ಸರಿ: ಪದದ ಕೊನೆಯ ಅಕ್ಷರದಿಂದ ಹೊಸ ಪದ. ಕಾಗುಣಿತ ಲೆಕ್ಕಕ್ಕಿಲ್ಲ, ವ್ಯಂಜನ ಹೊಂದಿದರೆ ಸಾಕು. ಆಟ ಕೆಡುವುದು ‘ಹಣ’, ‘ಮಳೆ’ ಬಂದಾಗ. ಣ, ಳ ದಿಂದ ಶುರುವಾಗುವ ಪದ ಎಲ್ಲಿಂದ ತರೋದು? ಣ ಬಂದರೆ ನ, ಳ ಬಂದರೆ ಲ ಅಂತ ಮೊದಲೇ ಹೇಳಿಬಿಡಿ, ಜಗಳ ಇರಲ್ಲ. ಯೋಚಿಸೋಕೆ 10 ಎಣಿಸುವಷ್ಟು ಹೊತ್ತು. ಗಾಡಿ ಓಡಿಸುವವರನ್ನು ಮಾತ್ರ ಆಟಕ್ಕೆ ಎಳೆಯಬೇಡಿ.