ಹಿತ್ತಲ ಗೊಬ್ಬರ: ನನಗೆ ಬರ ಬಂದಿದ್ದು ಒಣ ಕಸಕ್ಕೆ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಹಿತ್ತಲು ಅಂದರೆ ಒಂದು ನುಗ್ಗೆ, ಒಂದು ಕರಿಬೇವು, ಬಟ್ಟೆ ಒಣಹಾಕುವ ತಂತಿ, ಅಷ್ಟೇ. ಮೂಲೆಯಲ್ಲಿ ಸಿಮೆಂಟ್ ಇಟ್ಟಿಗೆ ಜೋಡಿಸಿ 3 ಅಡಿ ಉದ್ದ, 3 ಅಡಿ ಅಗಲದ ಗೂಡು ಮಾಡಿದೆ. ಗಾರೆ ಹಾಕಲಿಲ್ಲ, ಸಂದಿಯಲ್ಲಿ ಗಾಳಿ ಆಡಲಿ ಅಂತ.

ಮೊದಲು ಅಡುಗೆಮನೆಯದ್ದೆಲ್ಲ ತಂದು ಸುರಿದೆ. ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಚಹಾ ಚರಟ, ಮಿಕ್ಕ ಅನ್ನ. ಮೂರನೇ ವಾರಕ್ಕೆ ಅಡಿಯಿಂದ ಕಪ್ಪು ನೀರು, ಮೇಲೆ ನೊಣ, ಸುತ್ತ ನಾತ. ಪಕ್ಕದ ಮನೆಯವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆ ಕಡೆಯ ಕಿಟಕಿ ಮಾತ್ರ ತೆರೆಯುತ್ತಿರಲಿಲ್ಲ.

ಚಳ್ಳಕೆರೆ ಕಡೆಯ ಹಳ್ಳಿಯಿಂದ ಬಂದ ಅತ್ತೆ ನೋಡಿ ನಕ್ಕರು. "ಏನವ್ವಾ, ಬರೇ ಮುಸುರೆ ಸುರಿದ್ರೆ ತಿಪ್ಪೆ ಆಗ್ತೈತಾ? ಕಸಕಡ್ಡಿ ಎಲ್ಲಿ?"

ಹೌದಲ್ವಾ! ಊರ ತಿಪ್ಪೆಗೆ ಸಗಣಿಯ ಜೊತೆ ದನ ತಿಂದುಳಿದ ದಂಟು, ಹುಲ್ಲು, ಅಂಗಳದ ತರಗು ಎಲ್ಲ ಬೀಳುತ್ತಿತ್ತು. ನನ್ನ ಗೂಡಲ್ಲಿ ಒಣಗಿದ್ದು ಒಂದು ಹಿಡಿಯೂ ಇರಲಿಲ್ಲ. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಕಸದಲ್ಲಿ ಇಂಗಾಲ ಜಾಸ್ತಿ. ಕೊಳೆಸುವ ಸೂಕ್ಷ್ಮಜೀವಿಗಳಿಗೆ 1 ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಬೇಕಂತೆ. ಅದನ್ನು ಮನೆಯಲ್ಲಿ ಯಾರು ಅಳೆಯುತ್ತಾರೆ? ನನ್ನದು ಬುಟ್ಟಿ ಲೆಕ್ಕ: ಒಂದು ಬುಟ್ಟಿ ಹಸಿಗೆ ಎರಡು ಬುಟ್ಟಿ ಒಣ.

ಅಲ್ಲಿಂದ ನಾನು ಒಣ ಕಸದ ಜಿಪುಣಿಯಾದೆ. ಅತ್ತೆ ಊರಿಂದ ಶೇಂಗಾ ತಂದರೆ ಕಾಳಿಗಿಂತ ಮೊದಲು ಸಿಪ್ಪೆ ಮೇಲೆ ನನ್ನ ಕಣ್ಣು. ಹಳೇ ಪೇಪರ್, ಮಕ್ಕಳ ರಫ್ ನೋಟ್‌ಬುಕ್ಕು, ಮೊಟ್ಟೆಯ ರಟ್ಟಿನ ಟ್ರೇ ಎಲ್ಲ ಹರಿದು ಚೀಲ ತುಂಬುತ್ತೇನೆ. ಪಿನ್, ಟೇಪ್ ಕಿತ್ತು ಹಾಕಬೇಕು. ಮಿರಮಿರ ಮಿಂಚುವ ಕಾಗದ ಬೇಡ, ಪ್ಲಾಸ್ಟಿಕ್ ಪದರ ಇರುತ್ತದೆ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡನ್ನೂ ಹಾಕಿ ನೋಡಿದೆ. ಜಜ್ಜಿ ಹಾಕದಿದ್ದರೆ ಆರು ತಿಂಗಳಾದರೂ ದಿಂಡು ದಿಂಡಾಗೇ ಇರುತ್ತದೆ.

ಮೆತ್ತಗಾದ ಮಂಡಕ್ಕಿ ಸಲೀಸಾಗಿ ಕರಗುತ್ತದೆ. ಮಿರ್ಚಿ ಕಟ್ಟಿಕೊಟ್ಟ ಎಣ್ಣೆ ಪೇಪರ್ ಹಾಕಲ್ಲ. ಮಾಂಸ, ಮೂಳೆ, ಬೆಣ್ಣೆ-ತುಪ್ಪ ತಾಕಿದ್ದು ಕೂಡ ಬೇಡ, ಇಲಿ ಬರುತ್ತವೆ. ಮಿಕ್ಕ ಅನ್ನವನ್ನು ಈಗ ಸ್ವಲ್ಪವೇ, ಅದೂ ನಡುವಿಗೆ ಹೂತು ಹಾಕುತ್ತೇನೆ. ದೇವರ ಹೂವು ಧಾರಾಳವಾಗಿ ಹಾಕಬಹುದು. ಒಮ್ಮೆ ಚೆಂಡುಹೂವಿನ ಹಾರ ಹಾಗೇ ಹಾಕಿ, ನೈಲಾನ್ ದಾರ ಸಲಿಕೆಗೆ ಸುತ್ತಿಕೊಂಡು ಅರ್ಧ ಗಂಟೆ ಹೋಯಿತು. ಈಗ ದಾರ ಎಳೆದೇ ಹಾಕುವುದು. ನೀರೊಲೆಯ ಕಟ್ಟಿಗೆ ಬೂದಿ ಹಿಡಿಯಷ್ಟು ಸಾಕು, ಅದು ಕ್ಷಾರ.

ಬೇಗ ಕೊಳೆಯಲು ಬೆಲ್ಲ, ಹುಳಿ ಮಜ್ಜಿಗೆ ಹಾಕಿ ಅಂತ ಹೇಳಿದವರು ತುಂಬ ಜನ. ನಾನು ಒಮ್ಮೆ ಹಾಕಿದೆ, ಇರುವೆ ಬಂದವು. ಒಂದು ಬಕೆಟ್ ಸಗಣಿ ನೀರು ಸಾಕು ನೋಡಿ.

ಎರಡನೇ ಗೂಡು ತುಂಬಿದ ಐದನೇ ದಿನ ಕಬ್ಬಿಣದ ಸರಳು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಹಿಡಿಯಲಾಗದಷ್ಟು ಬಿಸಿ! ಚೆನ್ನಾಗಿ ಕಾದ ಗುಡ್ಡೆ 55ರಿಂದ 60 ಡಿಗ್ರಿಗೆ ಏರುತ್ತದೆ. ಗುಡ್ಡೆ ತೀರಾ ಚಿಕ್ಕದಾದರೆ ಈ ಕಾವು ನಿಲ್ಲಲ್ಲ, 3 ಅಡಿ ಅದಕ್ಕೇ. ವಾರಕ್ಕೊಮ್ಮೆ ತಿರುವಿ ಹಾಕಿದೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಮೇಲೆಲ್ಲ ಒಣಗಿ ಹಪ್ಪಳವಾಗುತ್ತಿತ್ತು, ಹಾಗಾಗಿ ಒದ್ದೆ ಗೋಣಿಚೀಲ ಹೊದಿಸಿದೆ. ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು.

ಮೂರೂವರೆ ತಿಂಗಳಿಗೆ ಜರಡಿ ಹಿಡಿದೆ. ಮಳೆ ಬಿದ್ದ ಮಣ್ಣಿನ ವಾಸನೆ. ಮೇಲೆ ಉಳಿದ ಮೊಟ್ಟೆ ಚಿಪ್ಪು, ತೆಂಗಿನ ನಾರು, ಮಾವಿನ ವಾಟೆ ಮತ್ತೆ ಹೊಸ ಗೂಡಿಗೆ ಹೋದವು. ಅಂಚಿಗೆ ಬೀಜ ಸಾಯುವಷ್ಟು ಕಾವು ತಾಕಿರಲಿಲ್ಲ ಅಂತ ಕಾಣುತ್ತದೆ, ಕರಿಬೇವಿನ ಬುಡಕ್ಕೆ ಹಾಕಿದ ಗೊಬ್ಬರದಲ್ಲಿ ಹದಿನಾಲ್ಕು ಟೊಮೆಟೊ ಸಸಿ ಎದ್ದಿವೆ. ಪಕ್ಕದ ಮನೆಯ ಅಕ್ಕ ಮೊನ್ನೆ ಆ ಕಿಟಕಿ ತೆರೆದು, "ನಮಗೂ ಎರಡು ಸಸಿ ಕೊಡ್ರೀ" ಅಂದರು.