‘ಮೆಣಸಿನ ಎಲೆ ಮುದುರಿದೆ, ಏನು ಹಾಕಲಿ?’: ಹೊಸಬರು ಕೇಳಿದಾಗ ಉತ್ತರಿಸುವ ಬಗೆ

ತಾರಸಿಯಲ್ಲಿ ಈಗಷ್ಟೇ ನಾಲ್ಕು ಕುಂಡ ಇಟ್ಟವರು ಬೇಗನೆ ಕೇಳುವ ಪ್ರಶ್ನೆಗಳಲ್ಲಿ ಇದೊಂದು. ಹಳಬರ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಒಬ್ಬರು ಬೇವಿನೆಣ್ಣೆ ಎನ್ನುತ್ತಾರೆ, ಇನ್ನೊಬ್ಬರು ಹುಳಿ ಮಜ್ಜಿಗೆ, ಮತ್ತೊಬ್ಬರು ಎಪ್ಸಮ್ ಸಾಲ್ಟ್. ಕೇಳಿದವರು ಮೂರನ್ನೂ ಒಂದೇ ಭಾನುವಾರ ಹಾಕಿ ಮುಗಿಸುತ್ತಾರೆ. ಆಮೇಲೆ ಗಿಡ ಉಳಿದರೂ ಸತ್ತರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಹಾಗಾಗಿ ಮೊದಲು ಔಷಧ ಹೇಳಬೇಡಿ, ಫೋಟೊ ಕೇಳಿ. ಮೂರು ಸಾಕು: ಕುಂಡದ ಸಮೇತ ಇಡೀ ಗಿಡ, ತುದಿಯ ಚಿಗುರು, ಎಲೆಯ ಹಿಂಬದಿ. ಮೂರನೆಯದನ್ನು ಯಾರೂ ತಾವಾಗಿ ಕಳಿಸುವುದಿಲ್ಲ, ಉತ್ತರ ಹೆಚ್ಚಾಗಿ ಸಿಗುವುದು ಅಲ್ಲಿಯೇ. ಕುಂಡ ಎಷ್ಟು ಇಂಚಿನದು, ಬಿಸಿಲು ಎಷ್ಟು ಗಂಟೆ ಬೀಳುತ್ತದೆ, ಕಳೆದ ಹದಿನೈದು ದಿನಗಳಲ್ಲಿ ಏನೇನು ಹಾಕಿದ್ದೀರಿ ಎಂದೂ ಕೇಳಿ. ಈ ಕೊನೆಯ ಪ್ರಶ್ನೆಯಲ್ಲಿ ಗದರಿಕೆ ಇಣುಕಬಾರದು. ‘ಅಯ್ಯೋ, ಅದನ್ನೂ ಹಾಕಿದ್ರಾ?’ ಎಂದರೆ ಮುಂದಿನದನ್ನು ಮುಚ್ಚಿಡುತ್ತಾರೆ. ಎಣ್ಣೆ ಸಿಂಪಡಿಸಿ ಎರಡು ವಾರ ಕಳೆಯುವ ಮೊದಲು ಗಂಧಕ ಹೊಡೆದರೆ ಎಲೆ ಸುಡುತ್ತದೆ. ಅವರು ಮುಚ್ಚಿಟ್ಟದ್ದು ಎಣ್ಣೆಯ ವಿಷಯವೇ ಆಗಿದ್ದರೆ, ಗಂಧಕ ಹೇಳಿದ ನಿಮ್ಮ ಉತ್ತರವೇ ಗಿಡವನ್ನು ಕೊಲ್ಲಬಹುದು.

ಈಗ ಎಲೆ ನೋಡಿ. ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ದೋಣಿ ಬೋರಲಾದಂತೆ ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಹೊಸ ಎಲೆಗಳು ಚಿಕ್ಕದಾಗಿ, ಹಳದಿ ತಿರುಗಿ, ಗಿಡ ಕುಳ್ಳಗೆ ಗುಚ್ಛವಾಗಿದ್ದರೆ ಬಿಳಿ ನೊಣ ಹರಡುವ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ. ‘ಕಿತ್ತು ಕವರಿನಲ್ಲಿ ಕಟ್ಟಿ ಎಸೆಯಿರಿ, ಪಕ್ಕದ ಕುಂಡಗಳನ್ನು ಉಳಿಸಿಕೊಳ್ಳಿ’ ಎಂದು ನೇರವಾಗಿ ಹೇಳಿ. ಪಾಪ ಎಂದು ಇನ್ನೊಂದು ತಿಂಗಳು ಔಷಧ ಹೊಡೆಸುವುದು ಉಪಕಾರವಲ್ಲ.

ಥ್ರಿಪ್ಸ್ ಎಂದು ಖಾತ್ರಿಯಾದರೆ ಒಂದೇ ಉಪಾಯ ಹೇಳಿ, ಅಳತೆ ಸಮೇತ. ‘ಸ್ವಲ್ಪ’ ಎಂಬ ಮಾತು ಬೇಡವೇ ಬೇಡ. ಡಿಎಪಿ ಗೊಬ್ಬರವನ್ನೇ ನೋಡಿ: ಹಳಬರ ‘ಸ್ವಲ್ಪ’ ನಾಲ್ಕೈದು ಕಾಳು, ಹೊಸಬರ ‘ಸ್ವಲ್ಪ’ ಒಂದು ಹಿಡಿ. ಹನ್ನೆರಡು ಇಂಚಿನ ಕುಂಡಕ್ಕೆ ಅಷ್ಟು ಬಿದ್ದರೆ ಬೇರು ಸುಡುತ್ತದೆ. ಅಡುಗೆಮನೆಯ ಅಳತೆಯಲ್ಲೇ ಹೇಳಿದರೆ ಒಳ್ಳೆಯದು: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಪಾತ್ರೆ ತೊಳೆಯುವ ದ್ರವ ಕದಡಿ, ಆಮೇಲೆ ಒಂದು ಟೀ ಚಮಚ, ಅಂದರೆ 5 ಮಿಲಿ ಬೇವಿನೆಣ್ಣೆ. ಸೋಪಿಲ್ಲದಿದ್ದರೆ ಎಣ್ಣೆ ಮೇಲೆ ತೇಲಿ, ಒಂದೆಡೆ ಬರೀ ನೀರು, ಇನ್ನೊಂದೆಡೆ ಬರೀ ಎಣ್ಣೆ ಬೀಳುತ್ತದೆ. ಮೊದಲು ಎರಡು ಎಲೆಗೆ ಹಚ್ಚಿ ಒಂದು ದಿನ ಕಾಯಲು ಹೇಳಿ. ಬಿಸಿಲಿಳಿದ ಮೇಲೆ ಎಲೆಯ ಹಿಂಬದಿಗೆ ಸಿಂಪಡಣೆ, ವಾರಕ್ಕೊಮ್ಮೆಯಂತೆ ಮೂರು ಸಲ.

ಬೇರೊಬ್ಬರು ಆಗಲೇ ತಪ್ಪು ಹೇಳಿದ್ದರೆ ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. ‘ಮಜ್ಜಿಗೆ ಈ ವಾರ ಬೇಡ, ಇದೊಂದನ್ನೇ ನೋಡೋಣ’ ಎಂದರಾಯಿತು. ಆದರೆ ಯಾರಾದರೂ ಮೋನೊಕ್ರೋಟೊಫಾಸ್ ಎಂಬ ಕಡು ವಿಷದ ಕೀಟನಾಶಕದ ಹೆಸರೆತ್ತಿದರೆ ಅಲ್ಲೇ ತಡೆಯಿರಿ, ಆಗ ದಾಕ್ಷಿಣ್ಯ ಬೇಡ. ತರಕಾರಿಗೆ ಅದರ ಬಳಕೆ 2005ರಿಂದಲೇ ನಿಷಿದ್ಧ. ಫೋಟೊ ನೋಡಿಯೂ ಅಂದಾಜು ಸಿಗದಿದ್ದರೆ ‘ನನಗೆ ಗೊತ್ತಾಗುತ್ತಿಲ್ಲ’ ಎನ್ನಿ, ಎಲೆ ಹಿಡಿದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಲು ಹೇಳಿ.

ಇನ್ನೊಂದು ಮಾತನ್ನು ಹಳಬರು ಹೇಳಲು ಮರೆಯುತ್ತಾರೆ: ಒಮ್ಮೆ ಮುದುರಿದ ಎಲೆ ಮತ್ತೆ ನೇರವಾಗುವುದಿಲ್ಲ. ಇದು ಗೊತ್ತಿಲ್ಲದವರು ನಾಲ್ಕನೆಯ ದಿನವೇ ‘ಔಷಧ ನಾಟಲಿಲ್ಲ’ ಎಂದು ಎಣ್ಣೆಯನ್ನು ದುಪ್ಪಟ್ಟು ಮಾಡುತ್ತಾರೆ. ನೋಡಬೇಕಾದ್ದು ಹೊಸ ಚಿಗುರನ್ನು. ಹತ್ತು ದಿನ ಬಿಟ್ಟು ಅದೊಂದರ ಫೋಟೊ ಕಳಿಸಲು ಹೇಳಿ.